ದೂರದ ಓಡಾಟಕ್ಕೆ ಹಳೇ ಕಾರು: ಹಿಂದಿನ ಸೀಟಿನಿಂದ ಶುರು ಮಾಡಿ

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ಆಮೇಲೆ ಬಣ್ಣ, ಅಲಾಯ್ ವೀಲ್, ದೊಡ್ಡ ಸ್ಕ್ರೀನು. ದೂರದ ಓಡಾಟಕ್ಕೆ ಕಾರು ಬೇಕು ಅನ್ನುವವರಿಗೆ ನಾನು ಬೇರೆ ಮಾತು ಹೇಳುತ್ತೇನೆ. ಮೊದಲು ಹಿಂದಿನ ಬಾಗಿಲು ತೆಗೆದು ಒಳಗೆ ಕೂಡಿ. ಕಾಲು ಗಂಟೆ ಸುಮ್ನೆ ಕೂಡಿ. ಅಲ್ಲಿ ಸರಿಹೋಗದ ಕಾರು ಬೇರೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ನಾನಿರುವುದು ಹುಬ್ಬಳ್ಳಿ ವಿದ್ಯಾನಗರದಲ್ಲಿ. ಮಗಳು ಬೆಂಗಳೂರಿನಲ್ಲಿದ್ದಾಳೆ. ತಿಂಗಳಿಗೊಮ್ಮೆ ಅವ್ವನನ್ನು ಕರೆದುಕೊಂಡು ಹೋಗಿ ಬರುತ್ತೇವೆ. ಒಂದು ಕಡೆಗೆ ಸುಮಾರು 410 ಕಿಲೋಮೀಟರ್. ವಂದೇ ಭಾರತ್ ರೈಲಿದೆ, ನಿಜ. ಆದರೆ ಅವ್ವನಿಗೆ 76 ವರ್ಷ, ಸೊಂಟದ ನೋವು. ಗಂಟೆ ಒಂದೂವರೆ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆದರೇ ಆರಾಮ. ಹಾಗಾಗಿ ಕಾರೇ ಬೇಕು.

ಮೊದಲ ಸಲ ತಗೊಂಡ ಹಳೇ ಕಾರಿನಲ್ಲಿ ನಾನು ಮೋಸ ಹೋದೆ. ಚಿಕ್ಕ ಡೀಸೆಲ್ ಗಾಡಿ. ಮೀಟರ್ 58 ಸಾವಿರ ತೋರಿಸುತ್ತಿತ್ತು. "ಒಬ್ರು ಡಾಕ್ಟ್ರು ಓಡಿಸಿದ್ದರೀ ಸರ, ಮನಿ ಬಿಟ್ರ ದವಾಖಾನಿ" ಅಂದ ಮಾರುವವನು. ಕ್ಲಚ್ ಪೆಡಲ್ ಕಡೆ ನನ್ನ ಕಣ್ಣು ಹೋಗಿತ್ತು. ಅದರ ರಬ್ಬರಿನ ಗೆರೆಗಳೆಲ್ಲ ಅಳಿಸಿ, ಎಡಗಡೆ ಅಂಚಿನಲ್ಲಿ ಒಳಗಿನ ಕಬ್ಬಿಣವೇ ಹೊಳೆಯುತ್ತಿತ್ತು. 58 ಸಾವಿರಕ್ಕೆ ಇಷ್ಟು ಸವೆಯುತ್ತದಾ ಅಂತ ಮನಸ್ಸಿನಲ್ಲಿ ಬಂತು, ಬಾಯಿಗೆ ಬರಲಿಲ್ಲ. ನಾಲ್ಕು ತಿಂಗಳಾದ ಮೇಲೆ, ರಾಣೆಬೆನ್ನೂರು ದಾಟಿ ಚಳಗೇರಿ ಟೋಲ್ ಹತ್ತಿರ, ಡಬ್ಬಿಯಲ್ಲಿ ಕಡಲೆ ಹಾಕಿ ಅಲ್ಲಾಡಿಸಿದ ಹಾಗೆ ಎಂಜಿನ್ನಿನಿಂದ ಸದ್ದು ಶುರುವಾಯಿತು. ಎಂಜಿನ್ ಒಳಗಿನ ಟೈಮಿಂಗ್ ಚೈನ್ ಸಡಿಲಾಗಿತ್ತು. ಅವತ್ತು ಅವ್ವ ಎರಡು ತಾಸು ರಸ್ತೆ ಪಕ್ಕ ಬೇವಿನ ಮರದ ಕೆಳಗೆ ಕೂತಿದ್ದಳು. ರಿಪೇರಿಗೆ 62 ಸಾವಿರ ಹೋಯಿತು. ಆಮೇಲೆ ಸರ್ವಿಸ್ ಸೆಂಟರಿನಲ್ಲಿ ಹಳೆಯ ದಾಖಲೆ ತೆಗೆಸಿದರೆ, ನಾನು ತಗೊಳ್ಳುವ ಎರಡು ವರ್ಷ ಮೊದಲೇ ಆ ಗಾಡಿ 1 ಲಕ್ಷ 14 ಸಾವಿರ ಓಡಿತ್ತು.

ಅದಕ್ಕೇ ಮೀಟರ್ ನಂಬಬೇಡಿ, ಸವೆತ ನಂಬಿ. ಪೆಡಲ್ ರಬ್ಬರ್, ಗೇರ್ ಹಿಡಿಕೆ, ಸ್ಟೀರಿಂಗ್‌ನ ಮೇಲ್ಭಾಗ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು, ಇಷ್ಟೂ ಒಂದೇ ಮಾತು ಹೇಳಬೇಕು. ಸ್ಟೀರಿಂಗ್‌ಗೂ ಸೀಟಿಗೂ ಹೊಸ ಕವರ್ ಹಾಕಿದ್ದರೆ ಬಿಚ್ಚಿ ತೋರಿಸೋಕೆ ಹೇಳಿ. ಮಾರುವವರನ್ನೇ ಕರೆದುಕೊಂಡು ಆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ದಾಖಲೆ ತೆಗೆಸಿ. ಬರೋದಿಲ್ಲ ಅಂದರೆ ಅಲ್ಲಿಗೇ ಮುಗಿಸಿ.

ಈಗ ಖರ್ಚಿನ ಲೆಕ್ಕ. ನಮ್ಮ ಕಡೆ ದೂರ ಓಡಿಸುವವರು ಅಂದರೆ ಡೀಸೆಲ್ಲೇ ಬೇಕು ಅನ್ನುವ ಮಾತು ಇನ್ನೂ ಇದೆ. ನನ್ನ ಓಡಾಟ ತಿಂಗಳಿಗೆ ಸಾವಿರ ಕಿಲೋಮೀಟರ್, ವರ್ಷಕ್ಕೆ 12 ಸಾವಿರ. ಪೆಟ್ರೋಲ್ ಕಾರು ಹೆದ್ದಾರಿಯಲ್ಲಿ ಲೀಟರಿಗೆ 19 ಕಿಲೋಮೀಟರ್ ಕೊಟ್ಟರೆ, ಲೀಟರಿಗೆ 103 ರೂಪಾಯಿ ಹಿಡಿದು ವರ್ಷಕ್ಕೆ ಸುಮಾರು 65 ಸಾವಿರ. ಡೀಸೆಲ್ 23 ಕೊಟ್ಟರೆ, 91 ರೂಪಾಯಿ ಹಿಡಿದು ಸುಮಾರು 47 ಸಾವಿರ ಐನೂರು. ಉಳಿಯುವುದು ಹದಿನೇಳೂವರೆ ಸಾವಿರ. ಹಳೇ ಡೀಸೆಲ್ಲಿನಲ್ಲಿ ಇಂಜೆಕ್ಟರ್ ಇಲ್ಲವೇ ಟರ್ಬೊ ಒಂದು ಸಲ ರಿಪೇರಿಗೆ ಬಂದರೆ ಎರಡು ವರ್ಷದ ಉಳಿತಾಯ ಅಲ್ಲೇ ಹೋಯಿತು. ತಿಂಗಳಿಗೆ ಎರಡೂವರೆ ಸಾವಿರ ಕಿಲೋಮೀಟರಿನ ಮೇಲೆ ಓಡಿಸುವವರಿಗೆ ಡೀಸೆಲ್ ಸರಿ. ಅದಕ್ಕಿಂತ ಕಡಿಮೆ ಇದ್ದರೆ ಪೆಟ್ರೋಲೇ ವಾಸಿ. 2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆ ಮಿತಿಯ ಹೊಸ ನಿಯಮ) ಡೀಸೆಲ್ಲಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆಗಾಗ ದೂರ, ಒಂದೇ ವೇಗದಲ್ಲಿ ಓಡಿದರೆ ಅದು ತಾನೇ ಸ್ವಚ್ಛವಾಗುತ್ತದೆ. ಊರೊಳಗೇ ಓಡಿದ ಗಾಡಿಯಲ್ಲಿ ಕಟ್ಟಿಕೊಂಡಿರುತ್ತದೆ, ಆಗ ಖರ್ಚು ಜಾಸ್ತಿ. ಸಿಎನ್‌ಜಿ ಅಗ್ಗ, ಆದರೆ ಡಿಕ್ಕಿಯೆಲ್ಲ ಸಿಲಿಂಡರ್ ತಿನ್ನುತ್ತದೆ. ಮಗಳ ಮನೆಗೆ ಜೋಳದ ಹಿಟ್ಟು, ಕಟಕ ರೊಟ್ಟಿ, ಬ್ಯಾಡಗಿ ಮೆಣಸಿನಕಾಯಿ ಒಯ್ಯುವ ನಮಗೆ ಅದು ಆಗಲಿಲ್ಲ.

ಪೆಟ್ರೋಲ್ ತಗೊಳ್ಳುವವರು ಒಂದು ವಿಷಯ ಗಮನದಲ್ಲಿಡಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳ ರಬ್ಬರ್ ಪೈಪು, ವಾಷರ್ ಅದಕ್ಕೆ ತಕ್ಕಂತೆ ಇವೆ. ಅದಕ್ಕೂ ಹಳೆಯ ಗಾಡಿಯಾದರೆ ಇಂಧನದ ಪೈಪುಗಳನ್ನು ಮಿಸ್ತ್ರಿಯಿಂದ ನೋಡಿಸಿ. ಮೈಲೇಜೂ ಸ್ವಲ್ಪ ಇಳಿಯುತ್ತದೆ, ಲೆಕ್ಕದಲ್ಲಿ ಹಿಡಿದುಕೊಳ್ಳಿ.

ಎರಡನೇ ಸಲ ಹುಡುಕುವಾಗ ಅವ್ವನನ್ನೂ ಕರೆದುಕೊಂಡು ಹೋದೆ. ಮೊದಲು ನೋಡಿದ ಕಾರು ಎತ್ತರದ್ದು, ನೋಡೋಕೆ ಚೆಂದ. ಹತ್ತಿ ಕೂತ ಹತ್ತೇ ನಿಮಿಷಕ್ಕೆ "ಕಾಲು ಜೋತಾಡಾಕತ್ತಾವ" ಅಂದಳು. ಬಗ್ಗಿ ನೋಡಿದೆ. ಸೀಟಿನ ಅಂಚಿನಿಂದ ಅವಳ ಮೊಣಕಾಲಿನ ತನಕ ಒಂದು ಗೇಣು ಜಾಗ ಖಾಲಿ ಇತ್ತು. ತೊಡೆಗೆ ಆಸರೆಯೇ ಇಲ್ಲ. ಇಂಥ ಸೀಟಿನಲ್ಲಿ ಮೈ ಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಊರೊಳಗೆ ಗೊತ್ತಾಗೋದಿಲ್ಲ, ಹಾವೇರಿ ದಾಟುವಷ್ಟರಲ್ಲಿ ಗೊತ್ತಾಗುತ್ತದೆ. ಎರಡನೇ ಕಾರಿನಲ್ಲಿ ಸೀಟು ಸರಿ ಇತ್ತು, ಹಿಂದೆ ಎಸಿ ಕಿಂಡಿ ಇರಲಿಲ್ಲ. "ಹಿಂದ ಗಾಳೀನ ಬರವಲ್ದು" ಅಂದಳು. ಮೂರನೆಯದು ನಾನು ಈಗ ಓಡಿಸುತ್ತಿರುವ 2019ರ ಮಾರುತಿ ಸಿಯಾಜ್. ಕೂತಳು, ಕಾಲು ಚಾಚಿದಳು, ಸೆರಗು ಸರಿ ಮಾಡಿಕೊಂಡು ಕಣ್ಣು ಮುಚ್ಚಿದಳು. ಏನೂ ಅನ್ನಲಿಲ್ಲ. ನನಗೆ ಅಷ್ಟು ಸಾಕಾಯಿತು.

ನೀವು ನೋಡಬೇಕಾದದ್ದೂ ಇಷ್ಟೇ. ಸೀಟಿನ ಅಂಚು ಮೊಣಕಾಲಿನ ಹತ್ತಿರ ಬರುತ್ತದಾ? ಬೆನ್ನಿನ ಕೆಳಭಾಗ ಸೀಟಿಗೆ ತಾಗುತ್ತದಾ? ಪಾದ ನೆಲದ ಮೇಲೆ ಪೂರ್ತಿ ಊರುತ್ತದಾ? ಡ್ರೈವರ್ ಸೀಟಿನಲ್ಲಿ ಎಡಗಾಲು ಇಟ್ಟುಕೊಳ್ಳೋಕೆ ಕ್ಲಚ್ ಪಕ್ಕ ಜಾಗ ಇದೆಯಾ? ಏಳು ತಾಸಿನ ಪಯಣದಲ್ಲಿ ಆ ಅಂಗೈಯಗಲದ ಜಾಗಕ್ಕೆ ಬಹಳ ಬೆಲೆ ಇದೆ.

ಮುಂದಿನ ಹಂತ ಹೆದ್ದಾರಿ. ಮಾರುವವರು ಗೋಕುಲ ರೋಡಿನಲ್ಲಿ ಒಂದು ಸುತ್ತು ಹಾಕಿಸಿ ಕೈ ತೊಳೆದುಕೊಳ್ಳುತ್ತಾರೆ. ಒಪ್ಪಬೇಡಿ. ಪೆಟ್ರೋಲ್ ನಾನೇ ಹಾಕಿಸುತ್ತೇನೆ ಅನ್ನಿ, ಗಬ್ಬೂರು ದಾಟಿ ಶಿಗ್ಗಾವಿ ತನಕ ಹೋಗಿ ಬನ್ನಿ. ಎಂಜಿನ್ ತಣ್ಣಗಿದ್ದಾಗಲೇ ಶುರು ಮಾಡಬೇಕು, ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚುತ್ತಿರಬಹುದು.

ಹೆದ್ದಾರಿಯಲ್ಲಿ ಹಾಡು ಬಂದ್ ಮಾಡಿ, ಕಿವಿ ತೆರೆದಿಡಿ. 80ಕ್ಕೆ ಸ್ಟೀರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್, ಇಲ್ಲವೇ ಡಿಸ್ಕ್ ರಿಮ್ಮು ಸೊಟ್ಟಗಾಗಿರಬಹುದು. ವೇಗದ ಜೊತೆ ಗುಂಯ್ ಅನ್ನುವ ಸದ್ದು ಏರಿದರೆ ಟೈರು ಅಥವಾ ವೀಲ್ ಬೇರಿಂಗ್. ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಸದ್ದು ಬದಲಾದರೆ ಬೇರಿಂಗೇ ಅಂತ ಬಹುತೇಕ ಹೇಳಬಹುದು. ಹಿಂದೆ ಗಾಡಿ ಇಲ್ಲದಾಗ 80ರಿಂದ ಬ್ರೇಕ್ ಒತ್ತಿ. ಪೆಡಲ್ ಮಿಡಿದರೆ ಬ್ರೇಕ್ ಡಿಸ್ಕ್ ಸಮ ಇಲ್ಲ. ಟಾಪ್ ಗೇರಿನಲ್ಲಿ 90ಕ್ಕೆ ಇಟ್ಟು ಆರ್‌ಪಿಎಂ ಮುಳ್ಳು ನೋಡಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ಅದು ಹೇಳುತ್ತದೆ. 3,000ದ ಒಳಗೆ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು. ಚಿಕ್ಕ ಎಂಜಿನ್ ಮೈಲೇಜ್ ಕೊಡುತ್ತದೆ ಅಂತ ತಗೊಂಡವರು ಇಲ್ಲೇ ಸೋಲುತ್ತಾರೆ. ನಾಲ್ಕು ಜನ, ಲಗೇಜು, ಎಸಿ ಎಲ್ಲ ಸೇರಿದರೆ ಆ ಎಂಜಿನ್ ದಿನವಿಡೀ ಕೂಗುತ್ತದೆ, ಪೆಟ್ರೋಲೂ ಕುಡಿಯುತ್ತದೆ, ತಲೆಯೂ ನೋಯುತ್ತದೆ. ದೂರದ ಓಡಾಟಕ್ಕೆ 1.5 ಲೀಟರ್ ಪೆಟ್ರೋಲ್ ಎಂಜಿನ್ ಹದವಾದದ್ದು.

ಶಿಗ್ಗಾವಿಯಲ್ಲಿ ನಿಲ್ಲಿಸಿ ಚಹಾ ಕುಡಿಯಿರಿ. ಕಾಲು ಗಂಟೆ ಬಿಟ್ಟು ಗಾಡಿ ಕೆಳಗೆ ಬಗ್ಗಿ ನೋಡಿ. ಎಸಿ ನೀರು ತೊಟ್ಟಿಕ್ಕಿದರೆ ಚಿಂತೆ ಇಲ್ಲ, ಎಣ್ಣೆ ಬಿದ್ದಿರಬಾರದು. ಬಿಸಿ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು.

ಇನ್ನೊಂದು ಮಾತು ಎತ್ತರದ ಕಾರಿನ ಬಗ್ಗೆ. ಚಿತ್ರದುರ್ಗದ ಗಾಳಿ ಗಿರಣಿಗಳ ಹತ್ತಿರ ಆಷಾಢದಲ್ಲಿ ಹೋದವರಿಗೆ ಗೊತ್ತು, ಗಾಳಿ ಪಕ್ಕದಿಂದ ಹೊಡೆಯುತ್ತದೆ. ಎತ್ತರದ ಹಗುರ ಗಾಡಿ ಅಲ್ಲಿ ಅಲ್ಲಾಡುತ್ತದೆ, ಓಡಿಸುವವರ ತೋಳು ಸೋಲುತ್ತದೆ. ತಗ್ಗಿನ ಸೆಡಾನ್ ನೆಟ್ಟಗೆ ಹೋಗುತ್ತದೆ. ಈಗ ಎಲ್ಲರಿಗೂ ಎಸ್‌ಯುವಿ ಬೇಕು, ಹಾಗಾಗಿ ಒಳ್ಳೆಯ ಸೆಡಾನ್ ಕಡಿಮೆಗೆ ಸಿಗುತ್ತಿದೆ. 2018ರ ನಂತರದ 1.5 ಲೀಟರ್ ಸಿಯಾಜ್, 2014ರಿಂದ 2020ರ ನಡುವಿನ ಹೋಂಡಾ ಸಿಟಿ ಪೆಟ್ರೋಲ್, ಇವೆರಡನ್ನೂ ಧೈರ್ಯವಾಗಿ ಹುಡುಕಿ. ಆರೇಳು ಜನರ ಮನೆಯಾದರೆ ಎರ್ಟಿಗಾ. ಮಂಡಿನೋವಿನವರಿಗೆ ಸೆಡಾನ್‌ನಿಂದ ಏಳೋದು ಕಷ್ಟ, ಅಂಥವರು ಮನೆಯಲ್ಲಿದ್ದರೆ ಅವರನ್ನು ಕೂರಿಸಿ, ಎಬ್ಬಿಸಿ, ಆಮೇಲೆ ತೀರ್ಮಾನ ಮಾಡಿ.

ಎಲ್ಲ ಹಿಡಿಸಿದ ಮೇಲೆ ನಿಮ್ಮದೇ ಮಿಸ್ತ್ರಿಗೆ ತೋರಿಸಿ. ನಮ್ಮ ಮಿಸ್ತ್ರಿ 1,500 ತಗೊಂಡ. "ಬಣ್ಣಾ ಬಿಡ್ರಿ ಸರ, ಬೋಲ್ಟ್ ನೋಡ್ರಿ" ಅಂತ ಬಾನೆಟ್ಟಿನ ಬೋಲ್ಟುಗಳನ್ನು ತೋರಿಸಿದ. ಪಾನಾ ಹಾಕಿ ಬಿಚ್ಚಿದ್ದರೆ ಬಣ್ಣ ಕಿತ್ತಿರುತ್ತದೆ, ಅಂದರೆ ಅಲ್ಲಿ ಕೆಲಸ ಆಗಿದೆ. ಸ್ಟೆಪ್ನಿ ಎತ್ತಿ ಕೆಳಗಿನ ತಗಡಿನಲ್ಲಿ ಹೊಸ ವೆಲ್ಡಿಂಗ್ ಇದೆಯಾ ನೋಡಿದ. ಎಣ್ಣೆ ಹಾಕುವ ಮುಚ್ಚಳ ತೆಗೆದ. ಅದರ ಒಳಗೆ ಮಜ್ಜಿಗೆ ನೊರೆಯ ಹಾಗೆ ಬೆಳ್ಳಗಿದ್ದರೆ ಎಂಜಿನ್ ತಣ್ಣಗಿಡುವ ಕೂಲಂಟ್ ನೀರು ಎಣ್ಣೆಗೆ ಸೇರುತ್ತಿದೆ ಎಂಬ ಅನುಮಾನ. ಕೊನೆಗೆ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದ. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್ ಮಳೆಗೆ ಕಾರುಗಳು ಮುಳುಗಿದ್ದು ನೆನಪಿದೆ ಅಲ್ವಾ? ಅಂಥ ಗಾಡಿಯ ಸೀಟು ತೊಳೆಯುತ್ತಾರೆ, ಮ್ಯಾಟ್ ಬದಲಾಯಿಸುತ್ತಾರೆ. ಒಳಗೆ ಸುತ್ತಿಕೊಂಡ ಬೆಲ್ಟಿನ ತುದಿಯಲ್ಲಿ ಮಣ್ಣಿನ ಗೆರೆ ಹಾಗೇ ಉಳಿದಿರುತ್ತದೆ. ನಮ್ಮದರಲ್ಲಿ ಬೆಲ್ಟು ಪೂರ್ತಿ ಕಪ್ಪಗೆ ಸ್ವಚ್ಛವಾಗಿತ್ತು.

ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ. ಟೈರಿನ ಗೆರೆ ಎಷ್ಟೇ ಆಳವಿದ್ದರೂ ಆರು ವರ್ಷ ದಾಟಿದ ಟೈರು ಹೆದ್ದಾರಿಗೆ ಬೇಡ. ಐದೂ ಹೊಸದು ಬೇಕಾದರೆ ಆ ದುಡ್ಡು ಬೆಲೆಯಲ್ಲಿ ಇಳಿಸಿ.

ಗೋವಾ, ಕೊಲ್ಹಾಪುರ ನಮಗೆ ಹತ್ತಿರ, ಅಲ್ಲಿನ ಗಾಡಿ ಅಗ್ಗ ಅಂತ ಆಸೆ ಬರುತ್ತದೆ. ದೆಹಲಿಯ ಹತ್ತು ವರ್ಷದ ಡೀಸೆಲ್ ಇನ್ನೂ ಅಗ್ಗ. ಆದರೆ ಬೇರೆ ರಾಜ್ಯದ್ದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಅದನ್ನು ಕೂಡಿಸಿ ಆಮೇಲೆ ಅಗ್ಗವೋ ಅಲ್ಲವೋ ನೋಡಿ. ಕೆಎ 25, 26, 27, 63 ಯಾವುದಾದರೂ ಆಗಲಿ, ಕರ್ನಾಟಕದ್ದಾದರೆ ಆ ತಲೆನೋವಿಲ್ಲ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ವಿಮೆ ನೋಡಿ, ಬ್ಯಾಂಕ್ ಸಾಲದ ನಮೂದು ಇನ್ನೂ ಇದೆಯಾ ನೋಡಿ. ಕಟ್ಟದ ದಂಡ ಇದ್ದರೆ ಮಾರುವವರಿಂದಲೇ ಕಟ್ಟಿಸಿ. ಸಾಲ ತೀರಿದ್ದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರುವುದಿಲ್ಲ, ಬಹಳ ಜನ ಮರೆಯುತ್ತಾರೆ. ಅದು ಆಗುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಒಡೆತನ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಮಾಡಿಸಿಕೊಳ್ಳಿ. ಗಾಡಿಯ ಒಡೆತನ ನಿಮಗೆ ವರ್ಗವಾದ 14 ದಿನದೊಳಗೆ ವಿಮೆಯನ್ನೂ ವರ್ಗಾಯಿಸಿಕೊಳ್ಳಿ. ಅವರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದಿದ್ದವರಿಗೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ.

ಹಳೆಯ ಫಾಸ್ಟ್ಯಾಗ್ ಬಂದ್ ಮಾಡಿಸಿ ನಿಮ್ಮ ಹೆಸರಿನದು ಹಚ್ಚಿ. 2025ರ ಆಗಸ್ಟ್ 15ರಿಂದ 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸ್ ತಿಂಗಳಿಗೊಮ್ಮೆ ಹೋಗುವವರಿಗೆ ದೊಡ್ಡ ಉಳಿತಾಯ. ಒಂದು ವರ್ಷ ಇಲ್ಲವೇ 200 ಸಲ, ಯಾವುದು ಮೊದಲೋ ಅದು. ಒಂದೊಂದು ಟೋಲ್ ದಾಟಿದ್ದೂ ಒಂದೊಂದು ಸಲ ಅಂತ ಲೆಕ್ಕ.

ಮನೆಗೆ ತಂದ ವಾರದಲ್ಲೇ ಎಂಜಿನ್ ಆಯಿಲ್, ಮೂರೂ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್, ಫ್ಯಾನ್ ಬೆಲ್ಟ್ ಬದಲಾಯಿಸಿಬಿಡಿ. ಹಿಂದಿನವರು ಯಾವಾಗ ಮಾಡಿಸಿದ್ದರು ಅನ್ನುವ ಪ್ರಶ್ನೆಯೇ ಬೇಡ. ಬ್ಯಾಟರಿ ನಾಲ್ಕು ವರ್ಷದ್ದಾಗಿದ್ದರೆ ಅದನ್ನೂ. ಹಳದಿಯಾದ ಹೆಡ್‌ಲೈಟ್ ಗಾಜು ಉಜ್ಜಿಸಿ. ಆಮೇಲೆ ಒಂದೇ ಬಂಕಿನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರ್ ಬರೆದುಕೊಂಡು ಹೊರಡಿ, ವಾಪಸ್ ಬಂದು ಅಲ್ಲೇ ಮತ್ತೆ ತುಂಬಿಸಿ. ನಮ್ಮ ಸಿಯಾಜ್ 85–90ರಲ್ಲಿ ಹೋದಾಗ 19ರ ಮೇಲೆ ಕೊಟ್ಟಿತು. ಒಂದು ಸಲ ಅವಸರದಲ್ಲಿ 100ಕ್ಕೆ ಒತ್ತಿಕೊಂಡೇ ಹೋದೆ, 17ಕ್ಕೆ ಇಳಿಯಿತು. ಬೇಗ ತಲುಪಿದ್ದು ಅರ್ಧ ತಾಸು. ಆವತ್ತು ಅವ್ವ ದಾರಿಯುದ್ದಕ್ಕೂ ನಿದ್ದೆ ಮಾಡಲಿಲ್ಲ.