ಮೊಳೆಯಲ್ಲಿ ಕಲಿತು ಇಗಾದಲ್ಲಿ ಶುರಿಕೆನ್ ಎಸೆದದ್ದು: ನನ್ನ ಅನುಭವ

ಆರಿಂಚಿನ ಮೊಳೆ ಎಸೆದು ಪಳಗಿದ ಕೈಗೆ ಜಪಾನಿನ ಶುರಿಕೆನ್ (ಕೈಯಿಂದ ಎಸೆಯುವ ಚಿಕ್ಕ ಉಕ್ಕಿನ ಆಯುಧ) ಒಗ್ಗುವುದಿಲ್ಲ ಎಂದವರೇ ಹೆಚ್ಚು. ಮೊಳೆ ಕಡ್ಡಿಯಂಥದ್ದು, ಅಲ್ಲಿ ಕೊಡುವುದು ನಾಲ್ಕು ಮೊನೆಯ ಚಪ್ಪಟೆ ಉಕ್ಕು, ಎರಡಕ್ಕೂ ಏನು ಸಂಬಂಧ ಅನ್ನುವುದು ಅವರ ವಾದ. ಆದರೆ ಜಪಾನಿನ ಇಗಾ ಊರಿನಲ್ಲಿರುವ ನಿಂಜಾ (ಹಳೆಗಾಲದ ಗೂಢಚಾರರ) ಮ್ಯೂಸಿಯಂನಲ್ಲಿ ನನ್ನ ಮೊದಲ ಎಸೆತವೇ ನಾಟಿತು, ಉಳಿದವುಗಳಲ್ಲೂ ಬಹುಪಾಲು ನಿಂತವು. ಮೊಳೆಗೆ ಮೊನೆ ಒಂದೇ. ತಿರುಗುವ ಲೆಕ್ಕ ತಪ್ಪಿದರೆ ಅದು ಬಿದ್ದೇ ಬೀಳುತ್ತದೆ. ನಾಲ್ಕು ಮೊನೆಯದು ಹೇಗೆ ತಿರುಗಿ ಬಂದರೂ ಯಾವುದಾದರೊಂದು ಮೊನೆ ಗುರಿಯಿಂದ 45 ಡಿಗ್ರಿಯೊಳಗೇ ಇರುತ್ತದೆ. ಕಷ್ಟದ್ದನ್ನು ಕಲಿತವರಿಗೆ ಇದು ಸಲೀಸು.

ಮೊಳೆ ಕಿಲೋ ಲೆಕ್ಕದಲ್ಲಿ ತಂದರೆ ನೂರು ರೂಪಾಯಿಯ ಆಸುಪಾಸು, ಮೂವತ್ತಕ್ಕೂ ಮಿಕ್ಕಿ ಬರುತ್ತವೆ. ಗ್ರಿಲ್ ಕೆಲಸದವರ ಹತ್ತಿರ ತಲೆ ಕತ್ತರಿಸಿ, ತುದಿ ಮಸೆಸಬೇಕು. ತುದಿಯನ್ನು ಸೂಜಿಯಷ್ಟು ಸಣ್ಣಗೆ ಮಾಡಿಸಿದರೆ ಎರಡೇ ಪೆಟ್ಟಿಗೆ ಬಾಗುತ್ತದೆ. ಮೊಳೆಯ ಉಕ್ಕು ಮೆದು. ಮೊಂಡಾದ, ಗಿಡ್ಡ ಮೊನೆಯೇ ಬಾಳಿಕೆ.

ಹಣ ಹಾಳಾಗುವುದು ಗುರಿಯ ವಿಷಯದಲ್ಲಿ. ಬಾಳೆದಿಂಡು ಪುಕ್ಕಟೆ ಸಿಗುತ್ತದೆ, ಆದರೆ ಓರೆಯಾಗಿ ಬಂದದ್ದನ್ನೂ ಹಿಡಿದುಕೊಂಡು ಕೈಗೆ ಕೆಟ್ಟ ಅಭ್ಯಾಸ ಕಲಿಸುತ್ತದೆ. ತೇಗ, ಹೊನ್ನೆ ಬೇಡವೇ ಬೇಡ. ಮೊಳೆ ಪುಟಿದು ಎಸೆದವನ ಮೊಣಕಾಲಿಗೇ ವಾಪಸ್ ಬರುತ್ತದೆ. ಪ್ಲೈವುಡ್ ಪದರ ಪದರವಾಗಿ ಬಿಡುತ್ತದೆ, ಆ ದುಡ್ಡು ನೀರಿಗೆ ಹಾಕಿದಂತೆ. ಕೊನೆಗೆ ಕೈ ಹಿಡಿದದ್ದು ಯಂತ್ರಗಳ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ. ಗುಜರಿಯಲ್ಲಿ ಇನ್ನೂರು ರೂಪಾಯಿಯೊಳಗೆ ಬಂತು. ನಾರು ನೆಟ್ಟಗೆ ಮೇಲೆ-ಕೆಳಗೆ ಬರುವಂತೆ ನಿಲ್ಲಿಸಿ. ಶುರಿಕೆನ್ನಿನ ತೆಳು ಅಂಚು ನಾರಿನ ಸಂದಿಗೆ ಇಳಿಯಲು ಅದೇ ದಾರಿ. ಹಿಂದೆ ಗೋಡೆ ಇರಬೇಕು, ಜನ ಓಡಾಡಬಾರದು, ಕಣ್ಣಿಗೆ ಕನ್ನಡಕ ಬೇಕು.

ದೂರ ಮೊದಲು ಎರಡು ಮೀಟರ್. ಮೊಳೆಯ ಮೊನೆ ಬೆರಳ ತುದಿಯ ಕಡೆ, ಆಕಾಶ ನೋಡುವಂತೆ. ಕಿವಿಯ ಪಕ್ಕದಿಂದ ಕೈಯನ್ನು ನೇರ ಕೆಳಕ್ಕೆ ಇಳಿಸುತ್ತಾ ಬಿಡಬೇಕು, ಮಣಿಕಟ್ಟು ಮಿಡುಕಬಾರದು. ಹಾರುವಾಗ ಮೊಳೆ ಕಾಲು ಸುತ್ತು ಮಾತ್ರ ತಿರುಗಿ ಮೊನೆ ಮುಂದಾಗುತ್ತದೆ. ಬಡಿಯುವಾಗ ಮೊನೆ ಇನ್ನೂ ಮೇಲಕ್ಕಿದ್ದರೆ ಅರ್ಧ ಹೆಜ್ಜೆ ಹಿಂದೆ ಸರಿಯಿರಿ, ಕೆಳಕ್ಕಿಳಿದಿದ್ದರೆ ಮುಂದೆ ಬನ್ನಿ. ಹೆಬ್ಬೆರಳು ಎಲ್ಲಿ ಕೂರಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎದುರು ನಿಂತು ಕೇಳಿದವರಿಗೆ ತೋರಿಸುತ್ತೇನೆ.

ನಡುವೆ ಒಂದು ಅಡ್ಡ ಪ್ರಯೋಗ. ಶುರಿಕೆನ್ನಿನಲ್ಲಿ ಮೊಳೆಯಂಥ ಕಡ್ಡಿಯವೂ ಇವೆ. ಅವನ್ನು ಎಸೆಯುವ ಜಪಾನಿನ ನೆಗಿಶಿ ಪರಂಪರೆಯವರಲ್ಲಿ ಆ ಕಡ್ಡಿ ಶುರಿಕೆನ್ನಿಗೆ ಬಾಲದ ಕಡೆ ದಾರ, ಕೂದಲು ಸುತ್ತುವ ರೂಢಿ ಇತ್ತು. ಹಾಗೇ ಮೊಳೆಯ ಹಿಂದುಗಡೆ ಎರಡಿಂಚು ಉಣ್ಣೆ ದಾರ ಸುತ್ತಿ ನೋಡಿದೆ. ತಿರುಗುವುದು ನಿಧಾನವಾಗಿ ನಾಲ್ಕು ಮೀಟರ್‌ವರೆಗೆ ಒಂದೇ ಹಿಡಿತ ಸಾಕಾಯಿತು. ದಾರ ಸಡಿಲಾದರೆ ಮಾತ್ರ ಬೆರಳಿಗೆ ಸಿಕ್ಕಿ ಎಸೆತ ಬಲಕ್ಕೆ ವಾಲುತ್ತದೆ.

ಇನ್ನು ಇಗಾ. ಒಸಾಕಾ ಕಡೆಯಿಂದ ಜೆಆರ್ (ಜಪಾನ್ ರೈಲ್ವೇಸ್) ರೈಲಿನಲ್ಲಿ ಬಂದು ಕಾಮೊದಲ್ಲಿ ಬದಲಿಸಿ, ಡೀಸೆಲ್ ಗಾಡಿಯಲ್ಲಿ ಇಗಾ-ಉಎನೊ, ಅಲ್ಲಿಂದ ಇಗಾ ರೈಲ್ವೆಯಲ್ಲಿ ಉಎನೊಶಿ. ಈ ಕೊನೆಯ ತುಂಡು ಖಾಸಗಿ, ಪ್ರವಾಸಿಗರಿಗೆಂದು ಮಾರುವ ಜೆಆರ್ ಪಾಸ್ ಇಲ್ಲಿ ನಡೆಯುವುದಿಲ್ಲ. ಬರೀ ಇಗಾ ನೋಡಲೆಂದು ಪಾಸ್ ಕೊಳ್ಳುವುದು ಶುದ್ಧ ನಷ್ಟ. ಮ್ಯೂಸಿಯಂ ಕೋಟೆಯ ಉದ್ಯಾನದಲ್ಲೇ ಇದೆ, ನಡೆದರೆ ಹತ್ತು ನಿಮಿಷ. ಪ್ರವೇಶಕ್ಕೆ ಸುಮಾರು ಸಾವಿರ ಯೆನ್, ಐದು ಶುರಿಕೆನ್ ಎಸೆಯಲು ಬೇರೆ 300ರ ಹತ್ತಿರ.

ಐದರಲ್ಲಿ ಎಲ್ಲವನ್ನೂ ಸಾಧಿಸಬೇಕಾದ್ದರಿಂದ ಮೊದಲು ಪಕ್ಕದವರ ಎಸೆತ ನೋಡಿ. ಹೆಚ್ಚಿನವರು ತಟ್ಟೆ ಬೀಸಿದಂತೆ ಅಡ್ಡಡ್ಡ ಎಸೆಯುತ್ತಾರೆ. ಅಡ್ಡ ಬೀಸಿದರೆ ಬಿಡುವ ಕ್ಷಣ ಕೂದಲೆಳೆ ತಪ್ಪಿದರೂ ಗುರಿ ಎಡಬಲಕ್ಕೆ ಹೋಗುತ್ತದೆ. ನೆಟ್ಟಗೆ ಹಿಡಿದು ಮೇಲಿನಿಂದ ಬಿಟ್ಟರೆ ತಪ್ಪೇನಿದ್ದರೂ ಮೇಲೆ-ಕೆಳಗೆ, ಹಲಗೆಯ ಮೇಲೆಯೇ ಉಳಿಯುತ್ತದೆ. ಇನ್ನು ಕೆಲವರು ಜೋರಾಗಿ ಸುತ್ತು ಕೊಡುತ್ತಾರೆ. ಮೊನೆ ಇಳಿಯುವ ಬದಲು ನಾರನ್ನು ಸೀಳಿ ಜಾರುತ್ತದೆ, ಟಣ್ ಅನ್ನುತ್ತದೆ, ಬೀಳುತ್ತದೆ. ಎಷ್ಟೋ ಪೆಟ್ಟು ತಿಂದ ಗುರಿಯ ನಟ್ಟನಡುವೆ ಮರ ಜುಂಗುಜುಂಗಾಗಿ ಹಿಡಿತ ಇರುವುದಿಲ್ಲ, ಗೇಣುದ್ದ ಕೆಳಗೆ ಗುರಿಯಿಡಿ. ತೋಳು ಸಡಿಲ ಅಂಗಿ ಬೇಡ. ನಿಂಜಾ ವೇಷ ಬಾಡಿಗೆಗೆ ತೆಗೆದುಕೊಂಡರೆ ಎಸೆತ ಮುಗಿಸಿ ಹಾಕಿಕೊಳ್ಳಿ.

ಕ್ಯೋಟೋದ ನಿಜೊ ಕೋಟೆಯಲ್ಲಿ ಚಿಲಿಪಿಲಿಗುಟ್ಟುವ ನೆಲವಿದೆ, ಅಲ್ಲಿ ನಿಂಜಾಗಳಂತೆ ಸದ್ದಿಲ್ಲದ ನಡಿಗೆ ಪರೀಕ್ಷಿಸಬಹುದು. ಹಲಗೆ ಬಗ್ಗಿದಾಗ ಕೆಳಗಿನ ಕೊಂಡಿಗೆ ಮೊಳೆ ಉಜ್ಜಿ ಸದ್ದು ಬರುವುದು. ಭಾರ ನಿಧಾನ ಬಿಟ್ಟರೆ, ಅಂಚಿನಲ್ಲಿ ನಡೆದರೆ ಸದ್ದು ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ನೆನಪಿಗೆಂದು ಶುರಿಕೆನ್ ಕೊಂಡರೆ ಚೆಕ್-ಇನ್ ಚೀಲದಲ್ಲೇ ಹಾಕಿ, ಮೊನೆಗಳಿಗೆ ರಟ್ಟು ಸುತ್ತಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ಬಿಟ್ಟುಬರಬೇಕಾಗುತ್ತದೆ.