ಫೇರ್ ಡೀಲ್: ಜಮೀನಿನ ಲೆಕ್ಕ ಮೂರೇ ವರ್ಷಕ್ಕೆ ನಿಲ್ಲಬೇಕಾದರೆ

ಐರ್ಲೆಂಡಿನಲ್ಲಿ ನರ್ಸಿಂಗ್ ಹೋಮ್ ಸೇರಿದವರ ಖರ್ಚಿಗೆ ಅವರದೊಂದು ಪಾಲು, ಉಳಿದದ್ದು ಸರ್ಕಾರದ್ದು. 2009ರಿಂದ ನಡೆಯುತ್ತಿರುವ ಈ ವ್ಯವಸ್ಥೆಯನ್ನು ಜನ ಕರೆಯುವುದು ಫೇರ್ ಡೀಲ್ ಎಂದು. ಮೂರು ವರ್ಷವಾದ ಮೇಲೆ ಜಮೀನಿನ ಬೆಲೆಯ ಮೇಲೆ ಕಟ್ಟುವ ಪಾಲಿನ ಲೆಕ್ಕ ತಾನಾಗಿಯೇ ನಿಂತುಬಿಡುತ್ತದೆ ಎಂದು ನಂಬಿ ಕೂತ ಕುಟುಂಬಗಳೇ ಹೆಚ್ಚು ಏಟು ತಿನ್ನುವುದು. ವಾಸದ ಮನೆಗೆ ಮಾತ್ರ ಅದು ನಿಜ.

ಮೊದಲು ಎಚ್‌ಎಸ್‌ಇ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯ, ಅರ್ಜಿ ತುಂಬಿ. ಆರೈಕೆಯ ಅಗತ್ಯ ಎಷ್ಟಿದೆ ಎಂಬುದನ್ನು ಅವರೇ ಬಂದು ನೋಡುತ್ತಾರೆ.

ಆಮೇಲೆ ಹಣದ ಲೆಕ್ಕ. ಸೇರಿದವರು ಕಟ್ಟಬೇಕಾದ ಪಾಲು ಆದಾಯದಲ್ಲಿ ಶೇ 80, ಆಸ್ತಿಯ ಬೆಲೆಯಲ್ಲಿ ವರ್ಷಕ್ಕೆ ಶೇ 7.5. ದಂಪತಿಯಲ್ಲಿ ಒಬ್ಬರೇ ಸೇರಿದರೆ ಇದರರ್ಧ. ಆಸ್ತಿಯಲ್ಲಿ ಮೊದಲ 36,000 ಯೂರೋ, ದಂಪತಿಗೆ 72,000, ಲೆಕ್ಕಕ್ಕಿಲ್ಲ. ಒಂಟಿ ರೈತನ ಹೊಲಕ್ಕೆ 4 ಲಕ್ಷ ಯೂರೋ ಬೆಲೆ ಬಂದರೆ, ವಿನಾಯಿತಿ ಬೇರೆ ಉಳಿತಾಯದಲ್ಲೇ ಮುಗಿದಿದೆ ಎಂದುಕೊಂಡರೆ, ವರ್ಷಕ್ಕೆ 30,000. ಮೂರು ವರ್ಷಕ್ಕೆ ನಿಂತರೆ 90,000. ನಿಲ್ಲದೆ ಐದು ವರ್ಷ ಓಡಿದರೆ 1,50,000. ಆರೈಕೆಯ ನಿಜವಾದ ಖರ್ಚಿಗಿಂತ ಹೆಚ್ಚಂತೂ ಕಟ್ಟಬೇಕಿಲ್ಲ. ಜಮೀನಿನ ಬೆಲೆಗೆ ಜಾಲತಾಣದ ಅಂದಾಜು ಹಿಡಿದುಕೊಂಡು ಹೋಗಬೇಡಿ, ಬೆಲೆ ಕಟ್ಟುವ ವೃತ್ತಿಪರ ವ್ಯಾಲ್ಯೂಯರ್‌ಗೆ ದುಡ್ಡು ಕೊಟ್ಟು ಬರೆಸಿ. ಆ ಆಸ್ತಿಯ ಮೇಲಿನ ಸಾಲವನ್ನು ಕಳೆಯಲು ಮರೆಯಬೇಡಿ.

ಎಡವುವುದು ಇನ್ನು ಮುಂದೆ. ಹೊಲ, ಅಂಗಡಿ, ಪಬ್ಬು ಯಾವುದೇ ಇರಲಿ, ಮೂರು ವರ್ಷದ ಮಿತಿ ಬೇಕಾದರೆ ಕುಟುಂಬದ ಒಬ್ಬ ಉತ್ತರಾಧಿಕಾರಿಯನ್ನು ಹೆಸರಿಸಿ, ಅದಕ್ಕೆಂದೇ ಬೇರೆ ಅರ್ಜಿ ಹಾಕಬೇಕು. 2021ರ ಅಕ್ಟೋಬರ್‌ವರೆಗೆ ಈ ದಾರಿ ಇರಲಿಲ್ಲ. ಹಠಾತ್ ಕಾಯಿಲೆಯಿಂದ ಸೇರಿದವರಿಗಷ್ಟೇ ಹೊಲದ ಮೇಲೆ ಮಿತಿ ಸಿಗುತ್ತಿತ್ತು. ನೆರೆಯವರು ಹೇಳುವುದು ಆ ಹಳೆಯ ನಿಯಮವೇ ಇರಬಹುದು, ನೋಡಿಕೊಳ್ಳಿ. ಉತ್ತರಾಧಿಕಾರಿಗೆ 18 ತುಂಬಿರಬೇಕು, ಮುಂದಿನ ಆರು ವರ್ಷ ತಾನೇ ನಡೆಸುತ್ತೇನೆಂದು ಪ್ರಮಾಣ ಮಾಡಿ ಬರೆದುಕೊಡಬೇಕು. ಕಳೆದ ಐದು ವರ್ಷದಲ್ಲಿ ಮೂರು ವರ್ಷವಾದರೂ ಹಿರಿಯರೋ, ಅವರ ಸಂಗಾತಿಯೋ, ಈ ಉತ್ತರಾಧಿಕಾರಿಯೋ ಅಲ್ಲಿ ನಿಜವಾಗಿ ದುಡಿದಿರಬೇಕು. ಹೊಲವನ್ನು ಪೂರ್ತಿ ಬೇರೆಯವರಿಗೆ ಗುತ್ತಿಗೆ ಕೊಟ್ಟು ಡಬ್ಲಿನ್‌ನಲ್ಲಿ ನೌಕರಿ ಮಾಡುವ ಮಗನ ಹೆಸರು ಬರೆದು ಅರ್ಜಿ ಕಳಿಸಿದರೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ದನಕರುಗಳ ದಾಖಲೆ, ಗೊಬ್ಬರ ಮೇವಿನ ಬಿಲ್ಲು, ತೆರಿಗೆ ಪತ್ರ ಮೊದಲೇ ಕೂಡಿಡಿ.

ಜಮೀನಿನ ಮೇಲೆ ಎಚ್‌ಎಸ್‌ಇ ಹೆಸರಿಗೆ ಋಣಭಾರವೂ ದಾಖಲಾಗುತ್ತದೆ, ನಮ್ಮ ಇಸಿಯಲ್ಲಿ ಕಾಣುವಂಥದೇ. ಆರು ವರ್ಷದೊಳಗೆ ಮಾರಿದರೆ, ಬಿಟ್ಟುಕೊಟ್ಟರೆ, ಉಳಿಸಿಕೊಂಡ ದುಡ್ಡು ವಾಪಸ್ ಕಟ್ಟಬೇಕಾಗುತ್ತದೆ. ಅಣ್ಣತಮ್ಮಂದಿರ ಜಗಳ ಸಹಿ ಹಾಕುವ ಮುಂಚೆಯೇ ಆಗಿಹೋಗಲಿ.

‘ಈಗಲೇ ಮಗನ ಹೆಸರಿಗೆ ಮಾಡಿಬಿಡಿ’ ಎಂಬ ಅಡ್ಡದಾರಿಯನ್ನು ಪ್ಯಾಕೇಜ್ ಮಾಡಿ ಮಾರುವವರನ್ನು ದೂರವಿಡಿ. ಅರ್ಜಿಗೆ ಹಿಂದಿನ ಐದು ವರ್ಷದೊಳಗೆ ಕೈಬದಲಾದ ಆಸ್ತಿ ಲೆಕ್ಕಕ್ಕೆ ಬಂದೇ ಬರುತ್ತದೆ.

ಕೈಯಲ್ಲಿ ನಗದಿಲ್ಲವೇ? ಜಮೀನು, ಮನೆಯ ಪಾಲನ್ನು ನರ್ಸಿಂಗ್ ಹೋಮ್ ಸಾಲವಾಗಿ ಮುಂದೂಡಬಹುದು. ಹಿರಿಯರು ತೀರಿಕೊಂಡ 12 ತಿಂಗಳೊಳಗೆ ವಾರಸುದಾರರು ಅದನ್ನು ಅಲ್ಲಿನ ತೆರಿಗೆ ಇಲಾಖೆಯಾದ ರೆವಿನ್ಯೂಗೆ ಕಟ್ಟಬೇಕು. ನಗದು, ಠೇವಣಿಗೆ ಈ ಸೌಲಭ್ಯವಿಲ್ಲ. ಹಿರಿಯರಿಗೆ ಮರೆವು ಹೆಚ್ಚಾಗಿ ಸಹಿ ಹಾಕುವ ಸ್ಥಿತಿ ಇಲ್ಲದಿದ್ದರೆ ಕೋರ್ಟಿನಿಂದ ಪ್ರತಿನಿಧಿಯನ್ನು ನೇಮಿಸಿಕೊಳ್ಳುವ ತಾಪತ್ರಯ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಮರೆವು ಬಂದ ಮೇಲೂ ನಡೆಯುವಂಥ ಮುಕ್ತಿಯಾರ್ ಪತ್ರವನ್ನು (ಎಂಡ್ಯೂರಿಂಗ್ ಪವರ್ ಆಫ್ ಅಟಾರ್ನಿ) ಅವರು ಚೆನ್ನಾಗಿರುವಾಗಲೇ ಸಾಲಿಸಿಟರ್, ಅಂದರೆ ವಕೀಲರ, ಹತ್ತಿರ ಮಾಡಿಸಿಡಿ.