ಹಳೆಯ ಸ್ಪೋರ್ಟ್ಸ್ ಕಾರಿನ ಚಕ್ರದ ಗೂಡಿಗೆ ನೀಲಿ ಡ್ರಮ್ಮಿನ ಲೈನರ್

ಬೆಳಗಾವಿಯಲ್ಲಿ ಹಳೆಯ ಕಾರು ಇಟ್ಟುಕೊಂಡವರು ಮಳೆಗಾಲ ಮುಗಿದ ಮೇಲೆ ಒಂದು ಸಲ ಚಕ್ರ ಬಿಚ್ಚಿ, ಮಡ್‌ಗಾರ್ಡಿನ ಒಳಗೆ ಕೈ ಹಾಕಿ ನೋಡಿ. ನನ್ನ ಎರಡು ಸೀಟಿನ ಕಾರಿನಲ್ಲಿ ಸಿಕ್ಕಿದ್ದು ಅರ್ಧ ಬುಟ್ಟಿ ಮಣ್ಣು. ಮೇಲೆ ಖಾನಾಪುರ ರಸ್ತೆಯ ಕೆಂಪು ಮಣ್ಣು, ಅದರ ಕೆಳಗೆ ಬೈಲಹೊಂಗಲ ಕಡೆಯ ಎರೆ ಮಣ್ಣು. ಹೊರಗಿನಿಂದ ಒಣಗಿದ ಹೆಂಟೆ, ಒಡೆದರೆ ಒಳಗೆ ಇನ್ನೂ ಹಸಿ. ಎರೆ ಮಣ್ಣು ನೀರನ್ನು ಬೇಗ ಬಿಡುವುದಿಲ್ಲ, ರೈತರಿಗೆ ಅದೇ ಬೇಕು, ಆದರೆ ನಮ್ಮ ಕಾರಿನ ತಗಡು ತಿಂಗಳುಗಟ್ಟಲೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತ ಹಾಗೆ ಆಗುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದಲೇ.

ಈಗಿನ ಕಾರುಗಳಲ್ಲಿ ಚಕ್ರದ ಗೂಡಿಗೆ ಕಂಪನಿಯೇ ಪ್ಲಾಸ್ಟಿಕ್ ಲೈನರ್, ಅಂದರೆ ಒಳಹೊದಿಕೆ, ಹಾಕಿ ಕೊಡುತ್ತದೆ. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಎಷ್ಟೋ ಮಾದರಿಗಳಿಗೆ ಅದು ಇಲ್ಲ, ಇದ್ದರೂ ಬಿಡಿಭಾಗ ಸಿಗುವುದಿಲ್ಲ. ಪಕ್ಕದ ಗೋವಾದಲ್ಲಿ ತಯಾರಾಗಿ 1998ರಲ್ಲಿ ಬಂದ ಸಾನ್ ಸ್ಟಾರ್ಮ್‌ನಂಥ ಫೈಬರ್ ಬಾಡಿಯ ಕಾರು ಇದ್ದವರು 'ನಮಗೆ ತುಕ್ಕಿನ ಚಿಂತೆ ಇಲ್ಲ' ಅನ್ನಬಹುದು. ಆದರೆ ಫೈಬರ್‌ಗೆ ಒಳಗಿನಿಂದ ಕಲ್ಲು ಬಡಿದರೆ ಹೊರಗಿನ ಪೇಂಟಿನಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಡುತ್ತದೆ. ಹಾಗಾಗಿ ಲೈನರ್ ಇಬ್ಬರಿಗೂ ಬೇಕು.

ಯಾವುದರಿಂದ ಮಾಡುವುದು? ಅಲ್ಯುಮಿನಿಯಂ ತಗಡಿನಿಂದ ಮಾಡುವವರಿದ್ದಾರೆ. ನನಗೆ ಅದು ಹಿಡಿಸಲಿಲ್ಲ, ಕಲ್ಲು ಬಡಿದಾಗ ಸದ್ದು ಜಾಸ್ತಿ, ಅಂಚು ಟೈರಿಗೆ ತಾಗಿದರೆ ಕೊಯ್ದೇ ಬಿಡುತ್ತದೆ. ಎಚ್‌ಡಿಪಿಇ ಪ್ಲಾಸ್ಟಿಕ್ ಒಳ್ಳೆಯದು. ಅದಕ್ಕೆ ಹೊಸ ಶೀಟ್ ಕೊಳ್ಳಲೇಬೇಕು ಅಂತಿಲ್ಲ. ಮನೆಮನೆಯಲ್ಲಿ ನೀರು ತುಂಬಿಡುವ 200 ಲೀಟರಿನ ನೀಲಿ ಡ್ರಮ್ ಇದೆಯಲ್ಲ, ಅದು ಇದೇ ಪ್ಲಾಸ್ಟಿಕ್. ದಪ್ಪ ಸುಮಾರು 3 ಮಿ.ಮೀ. ಅಡ್ಡಳತೆ ಸುಮಾರು 58 ಸೆಂ.ಮೀ., ಅಂದರೆ ಚಕ್ರದ ಗೂಡಿಗೆ ಬೇಕಾದ ಬಾಗು ಅದರಲ್ಲಿ ಹೆಚ್ಚುಕಡಿಮೆ ಮೊದಲೇ ಇದೆ, ಸ್ವಲ್ಪ ಅಗಲಿಸಿದರೆ ಸಾಕು. ಗುಜರಿ ಅಂಗಡಿಯಲ್ಲಿ ಸೀಳು ಬಿಟ್ಟ ಡ್ರಮ್ ಕೇಳಿ. ಒಂದರಲ್ಲಿ ಎರಡು ಗೂಡಿಗೆ ಆಗುತ್ತದೆ. ಕೀಟನಾಶಕ, ಆ್ಯಸಿಡ್, ಥಿನ್ನರ್ ತುಂಬಿದ್ದ ಡ್ರಮ್ ಮಾತ್ರ ಬೇಡ. ಮುಂದೆ ಇದನ್ನು ಬಿಸಿ ಮಾಡುವುದಿದೆ, ವಿಷದ ಹೊಗೆ ಕುಡಿಯುವುದು ಬೇಡ.

ಮೊದಲು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಉಳಿದ ಚಕ್ರಗಳಿಗೆ ಕಲ್ಲು ಕೊಡಿ, ಜ್ಯಾಕ್ ಏರಿಸಿ, ಸ್ಟ್ಯಾಂಡ್ ಇಟ್ಟ ಮೇಲೆಯೇ ಚಕ್ರ ಬಿಚ್ಚಿ. ಬರೀ ಜ್ಯಾಕ್ ನಂಬಿ ಕೆಳಗೆ ತಲೆ ಹಾಕಬೇಡಿ. ಮಣ್ಣು ಕೆರೆದು, ನೀರು ಹೊಡೆದು, ಎರಡು ದಿನ ಒಣಗಲು ಬಿಡಿ. ತುಕ್ಕಿದ್ದಲ್ಲಿ ವೈರ್ ಬ್ರಷ್ ಹಾಕಿ, ಪ್ರೈಮರ್ ಹೊಡೆದು, ಮೇಲೆ ಅಂಡರ್‌ಬಾಡಿ ಕೋಟಿಂಗ್ ಕೊಡಿ. ತುಕ್ಕಿನ ಮೇಲೆಯೇ ಲೈನರ್ ಮುಚ್ಚಿದರೆ ಕಣ್ಣಿಗೆ ಕಾಣದ ಹಾಗೆ ಒಳಗೊಳಗೇ ತಿನ್ನುತ್ತದೆ. ನೀರು ಇಳಿಯುವ ತೂತುಗಳು ಎಲ್ಲಿವೆ ಅಂತ ಈಗಲೇ ನೋಡಿಟ್ಟುಕೊಳ್ಳಿ, ಅವನ್ನು ಮುಚ್ಚಬಾರದು.

ಇನ್ನು ಅಳತೆ. ಇಲ್ಲಿ ಅವಸರ ಮಾಡಬೇಡಿ. ಫ್ರಿಜ್ಜಿನ ರಟ್ಟಿನ ಡಬ್ಬಿ ಕತ್ತರಿಸಿ ಗೂಡಿನೊಳಗೆ ಹಿಡಿಯಿರಿ, ತಾಗಿದಲ್ಲಿ ಕತ್ತರಿಸಿ, ಸಾಲದಿದ್ದ ಕಡೆ ಇನ್ನೊಂದು ತುಂಡು ಸೇರಿಸಿ ಟೇಪ್ ಹಚ್ಚಿ. ಒಂದೇ ತುಂಡಿನಲ್ಲಿ ಮಾಡಲು ಹೋದರೆ ಸುಮ್ನೆ ತಲೆನೋವು. ಮುಂದಿನದು, ನೆತ್ತಿಯದು, ಹಿಂದಿನದು ಅಂತ ಮೂರು ತುಂಡು ಮಾಡಿ, ಒಂದರ ಮೇಲೊಂದು ಎರಡು ಇಂಚು ಬರಲಿ. ಮನೆಯ ಹಂಚು ಹೊದಿಸುವ ಲೆಕ್ಕವೇ ಇದು, ಟೈರ್ ಎರಚಿದ ನೀರು ಸಂದಿಗೆ ನುಗ್ಗದ ಹಾಗೆ ಹೊದಿಕೆಯ ದಿಕ್ಕು ಇಡಬೇಕು. ರಟ್ಟು ಕೂತ ಮೇಲೆ ಚಕ್ರ ಹಾಕಿ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಆಮೇಲೆ ಸಸ್ಪೆನ್ಷನ್ನಿನ ಕೆಳಗಿನ ಆರ್ಮಿಗೆ ಇನ್ನೊಂದು ಜ್ಯಾಕ್ ಕೊಟ್ಟು ಚಕ್ರವನ್ನು ನಿಧಾನ ಮೇಲಕ್ಕೆತ್ತಿ ನೋಡಿ, ಕಾರು ಸ್ಟ್ಯಾಂಡಿನಿಂದ ಏಳಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಎಲ್ಲ ಕಡೆ ಟೈರಿಗೂ ರಟ್ಟಿಗೂ ನಡುವೆ ಒಂದು ಇಂಚು ಉಳಿದರೆ ಗೆದ್ದಂತೆ. ಬ್ರೇಕ್ ಹೋಸ್, ವೈರು, ಹಿಂದಿನ ಗೂಡಿನಲ್ಲಿದ್ದರೆ ಪೆಟ್ರೋಲ್ ಪೈಪು, ಇವುಗಳಿಗೆ ದಾರಿ ಬಿಡಿ.

ರಟ್ಟನ್ನು ಡ್ರಮ್ಮಿನ ನುಣುಪು ಭಾಗದ ಮೇಲಿಟ್ಟು ಗೆರೆ ಎಳೆದು ಜಿಗ್‌ಸಾದಿಂದ (ಕೈಯಲ್ಲಿ ಹಿಡಿಯುವ ಕರೆಂಟಿನ ಗರಗಸ) ಕತ್ತರಿಸಿ. ವೇಗ ಕಡಿಮೆ ಇರಲಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿನ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ. ಬಾಗಿಸಲು ಬಿಸಿ ಗಾಳಿ ಊದುವ ಹೀಟ್ ಗನ್ ಬೇಕು. ಬಯಲಿನಲ್ಲಿ ಕೂತು, ಒಂದು ಗೇಣು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಿ. ಹದ ಬಂದಾಗ ಮೇಲ್ಮೈಗೆ ಹೊಳಪು ಬರುತ್ತದೆ. ಆಗ ಕೈಗವಸು ಹಾಕಿಕೊಂಡು ಬಾಗಿಸಿ, ಒದ್ದೆ ಬಟ್ಟೆ ಒತ್ತಿ ಆರುವ ತನಕ ಹಿಡಿಯಿರಿ. ಕೈ ಬಿಟ್ಟರೆ ಸ್ವಲ್ಪ ಹಿಂದಕ್ಕೆ ಬರುತ್ತದೆ, ಅದಕ್ಕೆ ಬೇಕಾದದ್ದಕ್ಕಿಂತ ಒಂಚೂರು ಜಾಸ್ತಿಯೇ ಬಾಗಿಸಿ.

ಕೂರಿಸುವಾಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಜನವರಿಯ ಚಳಿಯಲ್ಲಿ ಬೋಲ್ಟಿಗೆ ಸರಿಯಾಗಿ ತೂತು ಕೊರೆದು ಗಟ್ಟಿಯಾಗಿ ಬಿಗಿದಿದ್ದೆ. ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಹೋಗುವಾಗ ಲೈನರ್ ಉಬ್ಬಿ ಟೈರಿಗೆ ಉಜ್ಜತೊಡಗಿತು. ಈ ಪ್ಲಾಸ್ಟಿಕ್ ಒಂದು ಮೀಟರ್ ಉದ್ದಕ್ಕೆ, 30 ಡಿಗ್ರಿ ಬಿಸಿ ಏರಿದರೆ, ಸುಮಾರು 5 ಮಿ.ಮೀ. ಹಿಗ್ಗುತ್ತದೆ. ಹಾಗಾಗಿ ಒಂದು ತೂತು ಮಾತ್ರ ಸರಿ ಅಳತೆಯದು, ಉಳಿದವು ಉದ್ದುದ್ದ ಇರಲಿ, ದೊಡ್ಡ ವಾಷರ್ ಹಾಕಿ ಹದವಾಗಿ ಬಿಗಿಯಿರಿ. ಬಾಡಿಯಲ್ಲಿ ಮೊದಲೇ ಇರುವ ತೂತು ಬಳಸಿ. ಹೊಸದು ಕೊರೆಯಲೇಬೇಕಾದರೆ ಆಚೆ ಬದಿಗೆ ಏನಿದೆ ನೋಡಿ ಕೊರೆಯಿರಿ, ಕೊರೆದ ಅಂಚಿಗೆ ಪ್ರೈಮರ್ ಹಚ್ಚಿ. ಕೆಳತುದಿಯಲ್ಲಿ ಎರಡು ಬೆರಳು ಸಂದು ಬಿಡಿ, ಒಳಗೆ ಹೋದ ನೀರು ಹೊರಗೆ ಬರಬೇಕು. ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿ.

ಕೊನೆಗೆ ಪರೀಕ್ಷೆ. ಹೋಳಿಗೆಯ ಕಣಕಕ್ಕಿಂತ ತುಸು ಗಟ್ಟಿಯಾಗಿ ಹಿಟ್ಟು ಕಲಸಿ, ಒಂದು ಇಂಚಿಗಿಂತ ಸ್ವಲ್ಪ ಸಣ್ಣ ಉಂಡೆ ಮಾಡಿ ಲೈನರ್‌ಗೆ ಐದಾರು ಕಡೆ ಅಂಟಿಸಿ. ಓಣಿಯಲ್ಲಿ ನಿಧಾನ ಓಡಿಸಿ, ಒಂದೆರಡು ಹಂಪ್ ದಾಟಿಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಬನ್ನಿ. ಉಂಡೆ ಚಪ್ಪಟೆಯಾಗಿದ್ದರೆ, ಟೈರಿನ ಗುರುತು ಬಿದ್ದಿದ್ದರೆ ಅಲ್ಲಿ ಮತ್ತೆ ಬಿಸಿ ಮಾಡಿ ಹಿಂದಕ್ಕೆ ಒತ್ತಿ. ಎಲ್ಲ ಉಂಡೆ ಹಾಗೇ ಇದ್ದ ಮೇಲೆಯೇ ಚೋರ್ಲಾ ಘಾಟ್ ಕಡೆ ಹೊರಡಿ, ಮೊದಲ 50 ಕಿ.ಮೀ. ಆದ ಮೇಲೆ ಬೋಲ್ಟ್ ಒಮ್ಮೆ ನೋಡಿ.

ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರೆಯ ಹೊತ್ತಿಗೆ ಒಮ್ಮೆ ಬಿಚ್ಚಿ ತೊಳೆಯಬೇಕು. ಅಂಚಿಗೆ ಪ್ಲಾಸ್ಟಿಕ್ ಕ್ಲಿಪ್ ಹಾಕಿದ್ದರೆ ನಾಲ್ಕು ಎಕ್ಸ್‌ಟ್ರಾ ತಂದಿಟ್ಟುಕೊಳ್ಳಿ, ಬಿಚ್ಚುವಾಗ ಒಂದೆರಡು ಮುರಿದೇ ಮುರಿಯುತ್ತವೆ.